ಎಲ್ಲದಕ್ಕೂ "ಮೈಸೂರು" ಅಂತ ಒಂದೇ ಟ್ಯಾಗ್ ಸಾಕಾ? ಪುಸ್ತಕಗಳ ವಿಷಯಪಟ್ಟಿ ಬಗ್ಗೆ ಸಲಹೆ ಬೇಕು

ಪುಸ್ತಕದ_ಹುಳ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಒಂದು ಟ್ರಸ್ಟ್‌ನ ಹಳೇ ಪುಸ್ತಕ ಭಂಡಾರಕ್ಕೆ ಪಟ್ಟಿ ಮಾಡುವ ಕೆಲಸವನ್ನು ನಾವು ನಾಲ್ಕೈದು ಜನ ಮೈಮೇಲೆ ಹಾಕಿಕೊಂಡಿದ್ದೇವೆ. ನಾಲ್ಕು ಸಾವಿರದ ಹತ್ತಿರ ಪುಸ್ತಕ, ಬಹುಪಾಲು ಕನ್ನಡದವೇ. ನಮ್ಮಲ್ಲಿ ಯಾರೂ ಲೈಬ್ರರಿ ಸೈನ್ಸ್ ಓದಿದವರಲ್ಲ. ಸದ್ಯಕ್ಕೆ ಎಕ್ಸೆಲ್‌ನಲ್ಲಿ ಶೀರ್ಷಿಕೆ, ಲೇಖಕರು, ವರ್ಷ, ವಿಷಯ ಅಂತ ಕಾಲಂ ಮಾಡಿ ತುಂಬಿಸುತ್ತಿದ್ದೇವೆ. ಮುಂದೆ ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರಿಗೆ ಹಾಕುವ ಯೋಚನೆ ಇದೆ.

ತಲೆನೋವು ಶುರುವಾಗಿದ್ದು ವಿಷಯದ ಕಾಲಂನಲ್ಲಿ. "ಮೈಸೂರು" ಅಂತ ಹುಡುಕಿದರೆ ಒಡೆಯರ ಕಾಲದ ಆಡಳಿತ ವರದಿ ಬರುತ್ತದೆ, 1960ರ ದಶಕದ ರಾಜ್ಯ ಬಜೆಟ್ ಬರುತ್ತದೆ, ನಗರದ ಪ್ರವಾಸಿ ಕೈಪಿಡಿ ಬರುತ್ತದೆ, ಜಿಲ್ಲಾ ಗೆಜೆಟಿಯರ್ರೂ ಬರುತ್ತದೆ, ಎಲ್ಲ ಕಲಸಿಹೋಗಿದೆ. ಇನ್ನೊಂದು ಕಡೆ ಇದರ ಉಲ್ಟಾ. ಬಿಜಾಪುರ, ವಿಜಾಪುರ, ವಿಜಯಪುರ ಅಂತ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ, ಒಂದನ್ನು ಹುಡುಕಿದರೆ ಉಳಿದವು ಸಿಗೋದೇ ಇಲ್ಲ. ಲೇಖಕರದ್ದೂ ಅದೇ ಕಥೆ. ಕುವೆಂಪು ಒಂದು ಕಡೆ, ಕೆ.ವಿ. ಪುಟ್ಟಪ್ಪ ಇನ್ನೊಂದು ಕಡೆ. ನಾಗವರ್ಮ ಅಂತ ಇರುವುದು ಯಾವ ನಾಗವರ್ಮ ಅಂತ ಯಾರಿಗೂ ಗೊತ್ತಿಲ್ಲ.

ನಮ್ಮ ತಂಡದಲ್ಲಿ ಒಬ್ಬರು ಹೇಳೋದು, ಕಾಗುಣಿತ ಒಂದೇ ಥರ ಮಾಡಿಬಿಟ್ಟರೆ ಮುಗೀತು ಅಂತ. ಇನ್ನೊಬ್ಬರು, ಊರಿಗೆ, ಲೇಖಕರಿಗೆ, ವಿಷಯಕ್ಕೆ ಎಲ್ಲದಕ್ಕೂ ಒಂದೊಂದು ನಂಬರ್ ಕೊಡಬೇಕು ಅಂತಾರೆ. ಇಷ್ಟು ಚಿಕ್ಕ ಭಂಡಾರಕ್ಕೆ ನಂಬರ್ ಗಿಂಬರ್ ಎಲ್ಲ ಬೇಕಾ? ಸುಮ್ನೆ ವಿಕಿಪೀಡಿಯ ಲಿಂಕ್ ಹಾಕಿದರೆ ಆಗಲ್ವಾ?

ಕ್ಯಾಟಲಾಗ್_ಅಕ್ಕ

ನಿಮ್ಮದು ಒಂದು ತೊಂದರೆ ಅಲ್ಲ, ಎರಡು. ಮೈಸೂರಿನಲ್ಲಿ ಹೆಸರು ಒಂದೇ, ಸಂಗತಿಗಳು ಬೇರೆ ಬೇರೆ. ಬಿಜಾಪುರದಲ್ಲಿ ಸಂಗತಿ ಒಂದೇ, ಹೆಸರುಗಳು ಬೇರೆ ಬೇರೆ. ಕಾಗುಣಿತ ಸರಿಮಾಡಿದರೆ ಎರಡನೆಯದು ಅರ್ಧ ಸರಿಹೋಗುತ್ತದೆ, ಆದರೆ ಮೊದಲನೆಯದಕ್ಕೆ ಏನೂ ಆಗುವುದಿಲ್ಲ. ಎಲ್ಲ ಮೈಸೂರುಗಳೂ ಈಗಾಗಲೇ ಅಚ್ಚುಕಟ್ಟಾಗಿ ಒಂದೇ ಕಾಗುಣಿತದಲ್ಲೇ ಇವೆ ಅಲ್ವಾ, ತೊಂದರೆಯೇ ಅದು.

ಮೊದಲು ಮೈಸೂರನ್ನೇ ಬಿಡಿಸೋಣ. ಒಡೆಯರ ಸಂಸ್ಥಾನ ಒಂದು. ಸ್ವಾತಂತ್ರ್ಯ ಬಂದ ಮೇಲೆ 1956ರ ಅಕ್ಟೋಬರ್ ಕೊನೆಯವರೆಗೆ ಇದ್ದ ಹಳೇ ಮೈಸೂರು ರಾಜ್ಯ ಒಂದು, 1953ರಲ್ಲಿ ಬಳ್ಳಾರಿ ಬಂದು ಸೇರಿದ್ದು ಇದಕ್ಕೆ. 1956ರ ನವೆಂಬರ್ 1ರಿಂದ 1973ರವರೆಗಿನ ದೊಡ್ಡ ಮೈಸೂರು ರಾಜ್ಯ ಇನ್ನೊಂದು. ಆಮೇಲೆ ಜಿಲ್ಲೆ, ತಾಲ್ಲೂಕು, ನಗರ. ಈಗ ಒಂದು ವಿಷಯ ಗಮನಿಸಿ. 1973ರ ನವೆಂಬರ್ 1ರಂದು ಕರ್ನಾಟಕ ಅಂತ ಹೆಸರು ಬದಲಾಯಿತು, ಗಡಿ ಬದಲಾಗಲಿಲ್ಲ. 1956ರಲ್ಲಿ ಹೆಸರು ಹಾಗೇ ಉಳಿಯಿತು, ಆದರೆ ಮುಂಬೈ ರಾಜ್ಯದ ಜಿಲ್ಲೆಗಳು, ಹೈದರಾಬಾದಿನವು, ಕೊಡಗು, ದಕ್ಷಿಣ ಕನ್ನಡ ಎಲ್ಲ ಸೇರಿ ರಾಜ್ಯವೇ ಬೇರೆಯಾಯಿತು. ಹೆಸರು ನೋಡಿಕೊಂಡು ಪಟ್ಟಿ ಮಾಡುವವರು 1973ರಲ್ಲಿ ಗೆರೆ ಎಳೆಯುತ್ತಾರೆ. ನಿಜವಾದ ಗೆರೆ ಇರುವುದು 1956ರಲ್ಲಿ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರದು ಇದಕ್ಕೊಂದು ರೂಢಿ ಇದೆ. ಜಾಗ ಹೆಚ್ಚುಕಮ್ಮಿ ಅದೇ ಇದ್ದು ಹೆಸರು ಮಾತ್ರ ಬದಲಾಗಿದ್ದರೆ, ಆ ಜಾಗದ ಬಗ್ಗೆ ಇರುವ ಪುಸ್ತಕಗಳಿಗೆಲ್ಲ ಇತ್ತೀಚಿನ ಹೆಸರನ್ನೇ ವಿಷಯವಾಗಿ ಕೊಡುತ್ತಾರೆ. ಆದರೆ ಪುಸ್ತಕ ಬರೆಸಿ ಹೊರಡಿಸಿದ್ದು ಆ ಸರ್ಕಾರವೇ ಆಗಿದ್ದರೆ, ಕರ್ತೃವಿನ ಜಾಗದಲ್ಲಿ ಆಗಿನ ಹೆಸರೇ ಉಳಿಯುತ್ತದೆ. ಅಂದರೆ ನಿಮ್ಮ 1960ರ ದಶಕದ ಬಜೆಟ್ ಪುಸ್ತಕಕ್ಕೆ ಕರ್ತೃ ಮೈಸೂರು ರಾಜ್ಯ, ವಿಷಯ ಕರ್ನಾಟಕ. ಮೊದಲ ಸಲ ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ, ಆದರೆ ರಾಜ್ಯದ ಹಣಕಾಸಿನ ಬಗ್ಗೆ ಓದಲು ಬಂದವರು ಎರಡು ಕಡೆ ಹುಡುಕುವುದು ತಪ್ಪುತ್ತದೆ.

ಕೋಹಾದಲ್ಲಿ ಇದಕ್ಕೆ ಅಥಾರಿಟಿ ದಾಖಲೆ ಅಂತ ಇದೆ, ಅಂದರೆ ಒಂದು ಸಂಗತಿಯ ಎಲ್ಲ ಹೆಸರುಗಳನ್ನೂ ಒಂದೇ ಕಡೆ ಇಡುವ ದಾಖಲೆ. ಊರಿಗೆ ಸಂಬಂಧಪಟ್ಟಿದ್ದಾದರೆ 151 ಅನ್ನುವ ಜಾಗದಲ್ಲಿ ನೀವು ಒಪ್ಪಿಕೊಂಡ ಹೆಸರು: "ವಿಜಯಪುರ (ಜಿಲ್ಲೆ)". 451ರಲ್ಲಿ ಉಳಿದ ಹೆಸರುಗಳು, ಬಿಜಾಪುರ, ವಿಜಾಪುರ ಎಲ್ಲ. 551ರಲ್ಲಿ "ಇದನ್ನೂ ನೋಡಿ" ಅಂತ ಸಂಬಂಧಪಟ್ಟ ಬೇರೆ ದಾಖಲೆ. ವ್ಯಕ್ತಿಗಳಿಗೆ ಇದೇ ಲೆಕ್ಕ 100, 400, 500. ಕುವೆಂಪು 100ರಲ್ಲಿ, ಕೆ.ವಿ. ಪುಟ್ಟಪ್ಪ 400ರಲ್ಲಿ. ಓದುಗರು ಯಾವ ಹೆಸರಿನಲ್ಲಿ ಬಂದರೂ ಒಂದೇ ಕಡೆ ತಲುಪುತ್ತಾರೆ. ಪ್ರತಿ ದಾಖಲೆಗೂ ಕೋಹಾ ತಾನೇ ಒಂದು ನಂಬರ್ ಕೊಡುತ್ತದೆ, ಪುಸ್ತಕದ ದಾಖಲೆಯಲ್ಲಿ ಕೂರುವ ಕೊಂಡಿ ಆ ನಂಬರೇ. ನಾಳೆ ಹೆಸರು ಬದಲಾದರೆ ಒಂದು ಕಡೆ ತಿದ್ದಿದರೆ ಸಾಕು. ಹಾಗಾಗಿ ನಂಬರ್ ಬೇಕಾ ಬೇಡವಾ ಅಂತ ಜಗಳ ಆಡಬೇಡಿ, ಅದು ಒಳಗೆ ಇದ್ದೇ ಇರುತ್ತದೆ.

ಆವರಣದಲ್ಲಿ ಹಾಕುವ ಆ "ಜಿಲ್ಲೆ" ಅನ್ನುವುದನ್ನು ಮಾತ್ರ ಬಿಡಬೇಡಿ. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. 2014ರ ನವೆಂಬರ್ 1ಕ್ಕೆ ಹನ್ನೆರಡು ಊರುಗಳ ಹೆಸರು ಬದಲಾದಾಗ ಬಿಜಾಪುರದ ಗೊಂದಲ ಹೋಗಿ ವಿಜಯಪುರದ ಗೊಂದಲ ಬಂತು. ಛತ್ತೀಸಗಢದ ಬಿಜಾಪುರ ಜಿಲ್ಲೆ ಅಂತೂ ಹಾಗೇ ಇದೆ.

ಡೇಟಾ_ಮಂಜ

ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ, ಮುಖ್ಯವಾಗಿ ಎಕ್ಸೆಲ್‌ನಲ್ಲಿ ಇರುವಷ್ಟು ದಿನ ಏನು ಮಾಡಬೇಕು ಅಂತ.

ಊರುಗಳಿಗೆ ಬೇರೆ ಒಂದು ಹಾಳೆ ಮಾಡಿ. ಮೊದಲ ಕಾಲಂ ನಂಬರ್. ಆ ನಂಬರಿಗೆ ಯಾವ ಅರ್ಥವೂ ಇರಬಾರದು. ನಿಮ್ಮ ನಂಬರ್ ಪ್ರಿಯ ಗೆಳೆಯರು ಖಂಡಿತ "ದಾವ-ಹರಪ-01" ಅಂತ ಜಿಲ್ಲೆ, ತಾಲ್ಲೂಕು ಸೇರಿಸಿ ಚಂದದ ಕೋಡ್ ಮಾಡೋಣ ಅಂತಾರೆ, ಎಲ್ಲರೂ ಅಲ್ಲಿಂದಲೇ ಶುರು ಮಾಡೋದು. ಹರಪನಹಳ್ಳಿಯನ್ನೇ ತಗೊಳ್ಳಿ. 1997ಕ್ಕೆ ಮುಂಚೆ ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅಲ್ಲಿಗೆ ಹೋಯಿತು. 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು, ಈಗ ಅಲ್ಲಿದೆ. ಊರು ಮಾತ್ರ ಒಂದಿಂಚೂ ಕದಲಿಲ್ಲ. ಕೋಡ್‌ನಲ್ಲಿ ಜಿಲ್ಲೆ ಇದ್ದಿದ್ದರೆ ಅಷ್ಟೂ ಸಲ ಬದಲಾಯಿಸಬೇಕಿತ್ತು, ಇಲ್ಲ ಅಂದರೆ ಸುಳ್ಳು ಹೇಳುವ ಕೋಡ್ ಇಟ್ಟುಕೊಂಡು ಓಡಾಡಬೇಕಿತ್ತು. ಜಿಲ್ಲೆ ಅನ್ನುವುದು ಪಕ್ಕದ ಕಾಲಂನಲ್ಲಿ ಇರಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ಬರೆದು. ಕೋಡ್‌ನಲ್ಲಿ ಬೇಡ.

ಪಿನ್ ಕೋಡ್ ಆದರೆ ಹೇಗೆ ಅಂತ ಯಾರಾದರೂ ಕೇಳಬಹುದು. ಬೇಡ. ಅದು ಗುರುತಿಸುವುದು ಅಂಚೆ ಹಂಚುವ ಪ್ರದೇಶವನ್ನು, ಊರನ್ನಲ್ಲ. ಒಂದೇ ಪಿನ್‌ಗೆ ಹತ್ತಾರು ಹಳ್ಳಿ ಇರುತ್ತವೆ. ಹಳ್ಳಿಗೇ ಬೇಕು ಅಂದರೆ 2011ರ ಜನಗಣತಿಯ ಆರಂಕಿ ಕೋಡ್ ಇದೆ, ಅದನ್ನು ಇನ್ನೊಂದು ಕಾಲಂನಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಸ್ವಂತ ನಂಬರಿನ ಜಾಗದಲ್ಲಿ ಅಲ್ಲ, ಅದರ ಜೊತೆಗೆ.

ವಿಕಿಪೀಡಿಯ ಲಿಂಕ್ ವಿಷಯ. ಆ ಲಿಂಕ್ ತೋರಿಸುವುದು ಒಂದು ಲೇಖನವನ್ನು. ಶೀರ್ಷಿಕೆ ಬದಲಾಗಬಹುದು, ಎರಡು ಲೇಖನ ಒಂದಾಗಬಹುದು, ಒಂದೇ ಲೇಖನದಲ್ಲಿ ಊರು, ತಾಲ್ಲೂಕು ಎರಡರ ಬಗ್ಗೆಯೂ ಬರೆದಿರಬಹುದು (ನಮ್ಮ ಕನ್ನಡ ವಿಕಿಯಲ್ಲಿ ಇದು ಜಾಸ್ತಿ). ಅದರ ಬದಲು ವಿಕಿಡೇಟಾ ನಂಬರ್ ಹಾಕಿ. ವಿಕಿಡೇಟಾ ಅಂದರೆ ವಿಕಿಪೀಡಿಯ ಬಳಗದ್ದೇ ಮಾಹಿತಿ ಕೋಶ, 2012ರಲ್ಲಿ ಶುರುವಾಗಿದ್ದು, ಅಲ್ಲಿ ಪ್ರತಿ ಸಂಗತಿಗೂ ಕ್ಯೂ ಅಕ್ಷರದಿಂದ ಶುರುವಾಗುವ ಒಂದು ನಂಬರ್. ಬೆಂಗಳೂರು ಕ್ಯೂ1355. ಬ್ಯಾಂಗಲೋರ್ ಅನ್ನಿ, ಬೆಂಗಳೂರು ಅನ್ನಿ, ಯಾವ ಭಾಷೆಯಲ್ಲಾದರೂ ಬರೆಯಿರಿ, ನಂಬರ್ ಅದೇ. ಅಲ್ಲಿ ಇನ್ನೊಂದು ಒಳ್ಳೇ ನಿಯಮ ಇದೆ. ಒಂದೇ ಹೆಸರಿನ ಎಷ್ಟು ಸಂಗತಿ ಬೇಕಾದರೂ ಇರಬಹುದು, ಆದರೆ ಒಂದು ಭಾಷೆಯಲ್ಲಿ ಹೆಸರು ಮತ್ತು ಅದರ ಕೆಳಗಿನ ಚಿಕ್ಕ ವಿವರಣೆ ಎರಡೂ ಒಂದೇ ಆಗಿರುವ ಎರಡು ದಾಖಲೆ ಇರುವ ಹಾಗಿಲ್ಲ. ಅಕ್ಕ ಆವರಣದಲ್ಲಿ ಹಾಕಿ ಅಂದರಲ್ಲ, ಆ ಕೆಲಸವನ್ನೇ ಇಲ್ಲಿ ವಿವರಣೆ ಮಾಡುತ್ತದೆ. ಕೋಹಾದ ಅಥಾರಿಟಿ ದಾಖಲೆಯಲ್ಲಿ 024 ಅಂತ ಒಂದು ಜಾಗ ಇದೆ, ಇಂಥ ಹೊರಗಿನ ನಂಬರುಗಳಿಗೆ ಅಂತಲೇ ಇರುವುದು.

ಕೊನೆಗೆ ಎರಡು ಮಾತು. ಒಂದು ಸಲ ಕೊಟ್ಟ ನಂಬರನ್ನು, ದಾಖಲೆ ಅಳಿಸಿದರೂ, ಇನ್ನೊಂದಕ್ಕೆ ಕೊಡಬೇಡಿ. ಎಕ್ಸೆಲ್‌ನಲ್ಲಿ ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಇಡಿ, ಇಲ್ಲದಿದ್ದರೆ ಮುಂದಿನ ಸೊನ್ನೆಗಳನ್ನೆಲ್ಲ ಅದು ನುಂಗಿಹಾಕುತ್ತದೆ.

ಶಾಸನಪ್ರಿಯ

ಊರಿನ ಕಥೆ ಪರವಾಗಿಲ್ಲ, ಗಡಿ ಗೆಜೆಟ್‌ನಲ್ಲಿ ಇರುತ್ತದೆ. ಹಳೇ ಕವಿಗಳ ವಿಷಯಕ್ಕೆ ಬನ್ನಿ, ಅಲ್ಲಿ ಗೆಜೆಟ್ ಇಲ್ಲ.

ನಾಗವರ್ಮ ಕೇಳಿದಿರಿ. ರೂಢಿಯಲ್ಲಿ ಒಂದನೇ ನಾಗವರ್ಮ, ಎರಡನೇ ನಾಗವರ್ಮ ಅಂತ ಹೇಳುತ್ತೇವೆ. ಛಂದೋಂಬುಧಿ, ಕರ್ನಾಟಕ ಕಾದಂಬರಿ ಮೊದಲನೆಯವನದು, ಕಾವ್ಯಾವಲೋಕನ, ಭಾಷಾಭೂಷಣ, ವಸ್ತುಕೋಶ ಎರಡನೆಯವನದು. ಇಷ್ಟಕ್ಕೆ ಎರಡು ದಾಖಲೆ ಸಾಕು ಅಂತ ಕಾಣುತ್ತದೆ. ಆದರೆ ಛಂದೋಂಬುಧಿಯವನೂ ಕಾದಂಬರಿಯವನೂ ಒಬ್ಬನೇನಾ ಅಂತಲೇ ವಿದ್ವಾಂಸರಲ್ಲಿ ಚರ್ಚೆ ಇದೆ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೋ ಇಬ್ಬರೋ ಅನ್ನುವುದಂತೂ ಸಾರ್ವಜನಿಕವಾಗಿಯೇ ದೊಡ್ಡ ವಾದ. ನಂಬರ್ ಕೊಡುವವರು ಇದನ್ನು ತೀರ್ಮಾನಿಸಲು ಹೋಗಬಾರದು. ಆದರೆ ನೀವು ಇಬ್ಬರನ್ನೂ ಒಂದೇ ದಾಖಲೆಗೆ ಸೇರಿಸಿದ ಕ್ಷಣ ತೀರ್ಮಾನ ಆಗಿಹೋಗುತ್ತದೆ, ಅದೂ ಯಾರಿಗೂ ಕಾಣದ ಹಾಗೆ.

ಹಾಗಾಗಿ ಸಂಶಯ ಇರುವ ಕಡೆ ಬೇರೆ ಬೇರೆ ದಾಖಲೆ ಇಡಿ, ನಡುವೆ "ಇಬ್ಬರೂ ಒಬ್ಬರೇ ಎಂಬ ಅಭಿಪ್ರಾಯವಿದೆ" ಅಂತ ಕೊಂಡಿ ಹಾಕಿ. ಮುಂದೆ ಒಂದೇ ಅಂತಾದರೆ ಸೇರಿಸುವುದು ಐದು ನಿಮಿಷದ ಕೆಲಸ. ಸೇರಿಸಿದ್ದನ್ನು ಬಿಡಿಸಬೇಕಾದರೆ ಒಂದೊಂದೇ ಪುಸ್ತಕ ತೆಗೆದು ನೋಡಬೇಕು. ವಿಕಿಡೇಟಾದಲ್ಲಿ ಇದಕ್ಕೆ ಪಿ460 ಅಂತ ಒಂದು ಗುಣವೇ ಇದೆ, ಇಬ್ಬರೂ ಖಂಡಿತ ಬೇರೆ ಅಂತ ಹೇಳುವುದಕ್ಕೆ ಪಿ1889.

ಈ ಸಮಸ್ಯೆ ನಮ್ಮವರಿಗೆ ಹೊಸದಲ್ಲ. ವಚನಕಾರರ ಅಂಕಿತ ಇದೆಯಲ್ಲ, ಅದು ಮಾಡುವ ಕೆಲಸ ಏನು? ವಚನಗಳ ಕಟ್ಟಿನಲ್ಲಿ ಒಂದು ವಚನ ತೆಗೆದರೆ ಮೇಲೆ ಹೆಸರು ಇರದೇ ಇರಬಹುದು, ಕೂಡಲಸಂಗಮದೇವ ಅಂತಿದ್ದರೆ ಬಸವಣ್ಣ, ಕೂಡಲಚೆನ್ನಸಂಗಮದೇವ ಅಂತಿದ್ದರೆ ಚೆನ್ನಬಸವಣ್ಣ, ಗುಹೇಶ್ವರ ಅಂತಿದ್ದರೆ ಅಲ್ಲಮ. ದಾಸರಲ್ಲಿ ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ. ಕೊನೆಯ ಭಾಗ ಪರಂಪರೆ ಹೇಳುತ್ತದೆ, ಮೊದಲ ಭಾಗ ಯಾರು ಅಂತ ಹೇಳುತ್ತದೆ. ಒಂದೇ ದೋಷ ಅಂದರೆ ಯಾರು ಬೇಕಾದರೂ ಬರೆದು ಕೊನೆಗೆ ಇನ್ನೊಬ್ಬರ ಅಂಕಿತ ಹಾಕಿಬಿಡಬಹುದು, ಹಾಗೆ ಸೇರಿಕೊಂಡದ್ದೂ ಇದೆ. ನಿಮ್ಮ ಪಟ್ಟಿಯಲ್ಲಿ ವಚನ ಸಂಗ್ರಹಗಳಿದ್ದರೆ ಅಂಕಿತವನ್ನೂ 400ರಲ್ಲಿ ಹಾಕಿಬಿಡಿ. ಹುಡುಕುವವರು ಎಷ್ಟೋ ಸಲ ಅದೊಂದನ್ನೇ ನೆನಪಿಟ್ಟುಕೊಂಡು ಬರುತ್ತಾರೆ.

ಕಾಡುಹಾದಿ

ಗಿಡಮರದ ಪುಸ್ತಕ ಇದ್ದರೆ ಇನ್ನೂ ಮಜಾ ಇದೆ. ಸಂಪಿಗೆ, ನಾಗಸಂಪಿಗೆ, ದೇವಸಂಪಿಗೆ ಮೂರೂ ಸಂಪಿಗೆ, ಮೂರೂ ಬೇರೆ ಬೇರೆ ಕುಟುಂಬದ ಮರ. ಲ್ಯಾಟಿನ್ ಹೆಸರು ಹಾಕಿದರೆ ಆಯಿತಲ್ಲ ಅಂದುಕೊಂಡರೆ ಅದೂ ನಿಲ್ಲುವುದಿಲ್ಲ. ಸಂಪಿಗೆ ಹಳೇ ಪುಸ್ತಕದಲ್ಲೆಲ್ಲ ಮಿಚೇಲಿಯ ಚಂಪಕ, ಈಗ ಮ್ಯಾಗ್ನೋಲಿಯ ಚಂಪಕ. ಮಿಚೇಲಿಯವನ್ನು ಮ್ಯಾಗ್ನೋಲಿಯ ಒಳಗೇ ಸೇರಿಸಿಬಿಟ್ಟರು. ವೈಜ್ಞಾನಿಕ ಹೆಸರೂ ಒಂದು ಹೆಸರೇ ಸ್ವಾಮಿ, ನಂಬರ್ ಅಲ್ಲ. ಎರಡನ್ನೂ ಪರ್ಯಾಯ ಹೆಸರಿನ ಜಾಗದಲ್ಲಿ ಹಾಕಿ.

ಕೋಲನ್_ಭಕ್ತ

ಡೇಟಾ ಮಂಜ ಅವರೇ, ನಂಬರಿಗೆ ಅರ್ಥವೇ ಇರಬಾರದು ಅಂತ ಇಷ್ಟು ಸುಲಭವಾಗಿ ಹೇಳಿಬಿಟ್ಟಿರಲ್ಲ. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಬೆಂಗಳೂರಿನಲ್ಲೇ 1962ರಲ್ಲಿ ಡಿಆರ್‌ಟಿಸಿ ಅನ್ನುವ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿದವರು, 1933ರಷ್ಟು ಹಿಂದೆಯೇ ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸುವ ಕೋಲನ್ ವರ್ಗೀಕರಣ ಕೊಟ್ಟವರು. ಅವರ ಒಂದು ಪ್ರಸಿದ್ಧ ಉದಾಹರಣೆ ನೋಡಿ: ಎಲ್,45;421:6;253:ಎಫ್.44'ಎನ್5. ಎಲ್ ಅಂದರೆ ವೈದ್ಯಶಾಸ್ತ್ರ, 45 ಶ್ವಾಸಕೋಶ, 421 ಕ್ಷಯ, 6 ಚಿಕಿತ್ಸೆ, 253 ಎಕ್ಸ್‌ರೇ, ಎಫ್ ಸಂಶೋಧನೆ, 44 ಭಾರತ, ಎನ್5 ಅಂದರೆ 1950ರ ದಶಕ. ನಂಬರ್ ಓದಿದರೆ ಪುಸ್ತಕ ಏನು ಅಂತ ಪೂರ್ತಿ ಗೊತ್ತಾಗುತ್ತದೆ. ನಿಮ್ಮ ಕ್ಯೂ1355 ಓದಿದರೆ ಏನು ಗೊತ್ತಾಗುತ್ತದೆ?

ವಿಚಾರ, ಮಾತು, ಸಂಕೇತ ಅಂತ ಮೂರು ಮಟ್ಟಗಳನ್ನು ಬೇರೆ ಮಾಡಿ ತೋರಿಸಿದ್ದೂ ಅವರೇ. ಮಾತಿನ ಮಟ್ಟದಲ್ಲಿ ಒಂದು ಪದಕ್ಕೆ ನಾಲ್ಕು ಅರ್ಥ, ಒಂದು ಅರ್ಥಕ್ಕೆ ನಾಲ್ಕು ಪದ ಇದ್ದೇ ಇರುತ್ತವೆ. ಸಂಕೇತದ ಮಟ್ಟದಲ್ಲಿ ಮಾತ್ರ ಅದು ಕೂಡದು, ಒಂದು ವಿಷಯಕ್ಕೆ ಒಂದೇ ಸಂಖ್ಯೆ, ಒಂದು ಸಂಖ್ಯೆಗೆ ಒಂದೇ ವಿಷಯ. ಈ ಥ್ರೆಡ್‌ನಲ್ಲಿ ಇಷ್ಟು ಹೊತ್ತು ಎಲ್ಲರೂ ಹೇಳುತ್ತಿರುವುದು ಇದನ್ನೇ.

ಡೇಟಾ_ಮಂಜ

ರಂಗನಾಥನ್ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ಅದು ಮಾಡುವ ಕೆಲಸ ಬೇರೆ, ಇದು ಮಾಡುವ ಕೆಲಸ ಬೇರೆ. ವರ್ಗಸಂಖ್ಯೆ ಹೇಳುವುದು ಪುಸ್ತಕ ಯಾವ ಪುಸ್ತಕದ ಪಕ್ಕ ಕೂರಬೇಕು ಅಂತ. ಅದಕ್ಕೆ ಅರ್ಥ ಇರಲೇಬೇಕು, ಇಲ್ಲದಿದ್ದರೆ ಪಕ್ಕದಲ್ಲಿ ಏನು ಬರುತ್ತದೆ ಅಂತಲೇ ಗೊತ್ತಾಗುವುದಿಲ್ಲ. ಡ್ಯೂಯಿ ಅನ್ನುವ ಇನ್ನೊಂದು ವರ್ಗೀಕರಣ ಪದ್ಧತಿಯಲ್ಲಿ 894.814 ಅಂದರೆ ಕನ್ನಡ ಸಾಹಿತ್ಯ, ನಿಮ್ಮ ನಾಲ್ಕು ಸಾವಿರದಲ್ಲಿ ಅರ್ಧಕ್ಕೆ ಅದರಿಂದಲೇ ಶುರುವಾಗುವ ಸಂಖ್ಯೆ ಬರುತ್ತದೆ. ಅದರಲ್ಲಿ ಕುವೆಂಪು ಯಾರು ಅಂತ ಬೇರ್ಪಡಿಸಲು ಆಗುವುದಿಲ್ಲ.

ಇನ್ನೊಂದು, ಅರ್ಥ ಇರುವ ಸಂಖ್ಯೆ ವಿದ್ಯೆ ಬೆಳೆದ ಹಾಗೆ ಜಾಗ ಬದಲಿಸುತ್ತದೆ. ಡ್ಯೂಯಿಯಲ್ಲಿ ಕಂಪ್ಯೂಟರ್ ಮೊದಲು 001.6ರಲ್ಲಿ ಎಲ್ಲೋ ಮೂಲೆಯಲ್ಲಿತ್ತು, 1985ರಲ್ಲಿ 004ರಿಂದ 006ಕ್ಕೆ ಎತ್ತಿ ಇಟ್ಟರು. ಕಪಾಟಿಗೆ ಅದು ಸರಿ. ಆದರೆ 001.6 ಅನ್ನೋದನ್ನೇ ಕಂಪ್ಯೂಟರ್ ಅನ್ನುವ ವಿಷಯದ ಗುರುತು ಅಂತ ನಂಬಿಕೊಂಡು ಬೇರೆ ಕಡೆಯಿಂದ ಕೊಂಡಿ ಹಾಕಿದ್ದರೆ ಎಲ್ಲ ಕಿತ್ತುಹೋಗುತ್ತಿತ್ತು. ಹುಳ ಅವರಿಗೆ ಎರಡೂ ಬೇಕು, ಬೇರೆ ಬೇರೆ ಕಾಲಂನಲ್ಲಿ.

ಕೋಲನ್_ಭಕ್ತ

ಬೇರೆ ಬೇರೆ ಕಾಲಂ ಅಂದರೆ ಒಪ್ಪಿದೆ. ಆದರೆ ವರ್ಗಸಂಖ್ಯೆ ಬರೆಯುವಾಗ ನೀವು ವಿಷಯವನ್ನು ಬಿಡಿಸಿ ನೋಡಲೇಬೇಕಾಗುತ್ತದೆ, ಅರ್ಥವಿಲ್ಲದ ನಂಬರ್ ಕೊಡುವಾಗ ಯೋಚನೆ ಮಾಡದೇ ಮುಂದಿನ ನಂಬರ್ ಒತ್ತಿಬಿಡಬಹುದು. ವಿಕಿಡೇಟಾದಲ್ಲಿ ಒಂದೇ ಹಳ್ಳಿಗೆ ಎರಡು ಕ್ಯೂ ನಂಬರ್ ಇರುವುದು ಎಷ್ಟು ಬೇಕು ನಿಮಗೆ?

ಡೇಟಾ_ಮಂಜ

ಅದು ನಿಜ. ಯಂತ್ರ ಹಚ್ಚಿ ಸುರಿದ ಹಳ್ಳಿಗಳು ತುಂಬ ಇವೆ. ಹೊಸದು ಮಾಡುವ ಮುಂಚೆ ಎಲ್ಲ ಕಾಗುಣಿತದಲ್ಲೂ ಹುಡುಕಿ. ಎರಡು ಸಿಕ್ಕರೆ ಸೇರಿಸಬಹುದು, ಹಳೇ ನಂಬರ್ ಹೊಸದಕ್ಕೆ ತಾನೇ ದಾರಿ ತೋರಿಸುತ್ತದೆ, ಕೊಂಡಿ ಮುರಿಯುವುದಿಲ್ಲ.

ಪುಸ್ತಕದ_ಹುಳ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಂಬರ್ ಜಗಳ ಮುಗಿಯಿತು, ತಂಡದವರಿಗೆ ಈ ಥ್ರೆಡ್ ಲಿಂಕ್ ಕಳಿಸಿದೆ. ಊರಿಗೆ ಒಂದು ಹಾಳೆ, ವ್ಯಕ್ತಿಗಳಿಗೆ ಒಂದು ಹಾಳೆ ಶುರು ಮಾಡಿದ್ದೇವೆ.

ಈಗ ಬೇರೆ ಗೊಂದಲ. ಎಷ್ಟು ಅಂತ ಬಿಡಿಸೋದು? ರಾಮನಗರದ ಬಗ್ಗೆ ನಾಲ್ಕು ಪುಸ್ತಕ ಇವೆ. ಮೊದಲು ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 2007ರಲ್ಲಿ ಜಿಲ್ಲೆ ಆಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಸಂಪುಟ ತೀರ್ಮಾನ ಮಾಡಿತು. ಬೆಂಗಳೂರು ದಕ್ಷಿಣ ಅಂತ ಲೋಕಸಭಾ ಕ್ಷೇತ್ರ ಬೇರೆ ಇದೆ, ತಾಲ್ಲೂಕೂ ಇದೆ. ನಮ್ಮ ಹುಡುಗ ಒಬ್ಬ ಕೂತು ಇದಕ್ಕೇ ಏಳು ದಾಖಲೆ ಮಾಡಿಟ್ಟಿದ್ದಾನೆ. ಹೀಗೇ ಹೋದರೆ ಪುಸ್ತಕಕ್ಕಿಂತ ದಾಖಲೆಯೇ ಜಾಸ್ತಿ ಆಗುತ್ತದೆ.

ಕ್ಯಾಟಲಾಗ್_ಅಕ್ಕ

ಆ ಹುಡುಗನನ್ನು ಬಿಡಬೇಡಿ, ಕೆಲಸಕ್ಕೆ ಬರುತ್ತಾನೆ. ಆದರೆ ಏಳು ಬೇಡ.

ನಮ್ಮ ಕಡೆ ಹಳೇ ನಿಯಮ ಇದೆ. ವಿಷಯದ ಪಟ್ಟಿಯನ್ನು ಲೋಕ ನೋಡಿ ಮಾಡುವುದಲ್ಲ, ಕೈಯಲ್ಲಿರುವ ಪುಸ್ತಕ ನೋಡಿ ಮಾಡುವುದು. ಪುಸ್ತಕ ಇಲ್ಲದ ವಿಷಯಕ್ಕೆ ದಾಖಲೆ ತೆರೆಯಬೇಡಿ. ನಿಮ್ಮ ನಾಲ್ಕು ಪುಸ್ತಕ ಯಾವುದರ ಬಗ್ಗೆ ಅಂತ ತೆರೆದು ನೋಡಿ. ಊರಿನ ಬಗ್ಗೆ ಇದ್ದರೆ "ರಾಮನಗರ (ಪಟ್ಟಣ)" ಅಂತ ಒಂದು, 451ರಲ್ಲಿ ಕ್ಲೋಸ್‌ಪೇಟೆ. ಜಿಲ್ಲೆಯ ಬಗ್ಗೆ ಒಂದಾದರೂ ಪುಸ್ತಕ ಇದ್ದರೆ ಜಿಲ್ಲೆಗೆ ಇನ್ನೊಂದು, ಎರಡೂ ಹೆಸರು ಅದೇ ದಾಖಲೆಯಲ್ಲಿ, ಯಾಕೆಂದರೆ ಗಡಿ ಅದೇ. ಲೋಕಸಭಾ ಕ್ಷೇತ್ರಕ್ಕೆ, ತಾಲ್ಲೂಕಿಗೆ ಪುಸ್ತಕ ಬಂದ ದಿನ ಮಾಡಿಕೊಂಡರಾಯಿತು. ಆದರೆ ಜಿಲ್ಲೆಯ ದಾಖಲೆಯಲ್ಲಿ ಬೆಂಗಳೂರು ದಕ್ಷಿಣ ಅಂತ ಬರೆಯುವಾಗ ಮುಂದೆ "(ಜಿಲ್ಲೆ)" ಅಂತ ಈಗಲೇ ಹಾಕಿ, ಆಗ ಮುಂದೆ ಬರುವವರಿಗೆ ಜಾಗ ಇರುತ್ತದೆ.

ಒಂದು ಪುಸ್ತಕ ಊರಿನ ಬಗ್ಗೆಯೋ ಜಿಲ್ಲೆಯ ಬಗ್ಗೆಯೋ ಅಂತ ಮುಖಪುಟ ನೋಡಿ ಗೊತ್ತಾಗದಿದ್ದರೆ ಪರಿವಿಡಿ ನೋಡಿ. ಮಾಗಡಿ, ಕನಕಪುರ, ಚನ್ನಪಟ್ಟಣಕ್ಕೆ ಒಂದೊಂದು ಅಧ್ಯಾಯ ಇದ್ದರೆ ಜಿಲ್ಲೆ.